ಡ್ರಮ್ಮಿನ ಇನ್ನೊಂದು ಮೈ

ಬೆಳಿಗ್ಗೆ ಅಭ್ಯಾಸದ ಕೋಣೆಯ ಬಾಗಿಲು ತೆಗೆದ ಬ್ಯಾಂಡ್ ಮಾಸ್ತರರು ಹೊಸ್ತಿಲಲ್ಲೇ ನಿಂತುಬಿಟ್ಟರು. ದೊಡ್ಡ ಡ್ರಮ್ಮಿಗೆ ಒಂದು ಮೈಯೇ ಇರಲಿಲ್ಲ!

ಡ್ರಮ್ಮು ಎಂದಿನಂತೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂತಿತ್ತು. ಎಡಗಡೆಯ ಹೊದಿಕೆ ಇತ್ತು. ಬಲಗಡೆಯದು ಮಾಯ. ಆ ಬಲಗಡೆಯ ಹೊದಿಕೆಯ ಮೇಲೇ ಬ್ಯಾಂಡಿಗೆ ದುಡ್ಡು ಕೊಡುವ ಕಂಪನಿಯ ಲಾಂಛನ ಅಚ್ಚಾಗಿತ್ತು: ನಗುವ ಸೂರ್ಯ, ಕೆಳಗೊಂದು ಹಸಿರು ಎಲೆ. ಮಧ್ಯಾಹ್ನದ ಮೆರವಣಿಗೆಯಲ್ಲಿ ವೇದಿಕೆಗೂ ಟಿವಿ ಕ್ಯಾಮೆರಾಗಳಿಗೂ ಕಾಣಬೇಕಾಗಿದ್ದದ್ದು ಅದೇ. ಮಕ್ಕಳ ಕೋಟು, ಹೊಳೆಯುವ ಟ್ರಂಪೆಟ್ಟು, ಓಡಾಟದ ಬಸ್ಸು, ಈ ಕೋಣೆಯ ಬಾಡಿಗೆ— ಎಲ್ಲವೂ ಆ ಸೂರ್ಯನ ಕೃಪೆ. ಈಗ ಸೂರ್ಯನೇ ನಾಪತ್ತೆ.

ಮಾಸ್ತರರು ಅಕ್ಕನಿಗೆ ಫೋನು ಮಾಡಿದರು. ಪುಣ್ಯಕ್ಕೆ ಅಕ್ಕ ಮನೆಗೆ ಬಂದಿದ್ದಳು. ತಮ್ಮನ ಬ್ಯಾಂಡು ನೋಡಲು ಬಂದಿದ್ದ ಈ ಅಕ್ಕ ಪೊಲೀಸ್ ಇಲಾಖೆಯ ಅಪರಾಧ ವಿಭಾಗದಲ್ಲಿ ತಲೆಗೂದಲು ಬೆಳ್ಳಗೆ ಮಾಡಿಕೊಂಡು ನಿವೃತ್ತಳಾದವಳು. ಇಲಾಖೆಯಲ್ಲಿ ಅವಳಿಗೆ ಜರಡಿ ಅಂತ ಹೆಸರು. ಯಾರು ಏನು ಹೇಳಿದರೂ ಜಾಲಾಡಿಸಿ ಕಲ್ಲು ಬೇರೆ ಮಾಡುತ್ತಿದ್ದಳು.

ಅಕ್ಕ ಬಂದವಳೇ ಕೋಣೆಯ ನಡುವೆ ನಿಂತು ಸುತ್ತ ಕಣ್ಣಾಡಿಸಿದಳು.

“ಬೀಗ ಒಡೆದಿಲ್ಲ. ಬೀಗದ ಕೈ ಎಲ್ಲಿಡ್ತೀಯ?”

“ಕಿಟಕಿಯ ಮೇಲೆ.”

“ಅದು ಯಾರಿಗೆಲ್ಲ ಗೊತ್ತು?”

“ಎಲ್ಲರಿಗೂ!”

“ಶಹಬ್ಬಾಸ್. ಹಾಗಾದ್ರೆ ಬೀಗ ಯಾಕೋ ಹಾಕ್ತೀಯ?”

ಮಾಸ್ತರರು ಮುಖ ಸಣ್ಣಗೆ ಮಾಡಿಕೊಂಡರು. ಅಕ್ಕ ಡ್ರಮ್ಮಿನ ಬಳಿ ಬಗ್ಗಿದಳು. ಹೊದಿಕೆಯನ್ನು ಯಾರೂ ಹರಿದಿರಲಿಲ್ಲ. ತಿರುಪುಗಳನ್ನು ಬಿಚ್ಚಿ, ಹಿಡಿದಿಟ್ಟುಕೊಳ್ಳುವ ಬಳೆಯನ್ನು ಗೋಡೆಗೆ ಒರಗಿಸಿ, ಹೊದಿಕೆಯನ್ನಷ್ಟೇ ಒಯ್ದಿದ್ದರು. ಅಕ್ಕ ಎಡಗಡೆಯ ಹೊದಿಕೆಯನ್ನು ಬೆರಳಿನಿಂದ ತಟ್ಟಿದಳು. ‘ಧಪ್’ ಎಂಬ ಸತ್ತ ಸದ್ದು.

“ಇದ್ಯಾಕೆ ಹೀಗೆ ಜೋತಿದೆ?”

“ಅದನ್ನೂ ಕದಿಯೋಕೆ ತಿರುಪು ಸಡಿಲ ಮಾಡಿರ್ಬೇಕು. ಆಮೇಲೆ ಯಾರೋ ಬಂದ ಸದ್ದಾಗಿ ಓಡಿರ್ಬೇಕು.”

“ಹೂಂ,” ಎಂದಳು ಅಕ್ಕ. ಒಂದೊಂದೇ ತಿರುಪನ್ನು ಮುಟ್ಟಿ ನೋಡಿದಳು. “ಓಡಿಹೋದವರು ಬಹಳ ಅಚ್ಚುಕಟ್ಟಾದ ಜನ ಬಿಡು.”

ಅಷ್ಟರಲ್ಲಿ ದೊಡ್ಡ ಡ್ರಮ್ಮು ಬಾರಿಸುವ ಹುಡುಗ ಬಂದ. ಎಲ್ಲರೂ ಅವನನ್ನು ಗುಡುಗು ಅಂತಲೇ ಕರೆಯುವುದು. ತನ್ನ ಡ್ರಮ್ಮಿನ ಗತಿ ನೋಡಿ ಅವನ ಕಣ್ಣು ತುಂಬಿತು. ಸ್ಟ್ಯಾಂಡಿನ ಹಿಂದೆ ಬಗ್ಗಿದವನು ಏನನ್ನೋ ಎತ್ತಿ ಹಿಡಿದ— ನೀಲಿ ಬಣ್ಣದ ಪುಟ್ಟ ಇನ್ಹೇಲರ್.

ಮಾಸ್ತರರು ಅದನ್ನು ಕೈಗೆ ತೆಗೆದುಕೊಂಡರು. ಅದು ಯಾರದ್ದೆಂದು ಬ್ಯಾಂಡಿನಲ್ಲಿ ಎಲ್ಲರಿಗೂ ಗೊತ್ತು. ಟ್ರಂಪೆಟ್ ಹುಡುಗಿಯದು. ತಂಡದಲ್ಲಿ ಅವಳಷ್ಟು ಚೆನ್ನಾಗಿ ಊದುವವರು ಇನ್ನೊಬ್ಬರಿಲ್ಲ. ಆದರೆ ಕಾರ್ಖಾನೆಯ ಹಿಂದಿನ ಬೀದಿಯವಳು, ಎರಡು ವರ್ಷದಿಂದ ಕೆಮ್ಮು. ಆ ಬೀದಿಯಲ್ಲಿ ಒಣಹಾಕಿದ ಬಟ್ಟೆಯ ಮೇಲೂ ಬೂದು ಧೂಳು ಕೂರುತ್ತದೆ. ಕಾರ್ಖಾನೆ ಬೇರೆ ಯಾರದ್ದೂ ಅಲ್ಲ, ನಗುವ ಸೂರ್ಯನದೇ.

“ನಿನ್ನೆ ಅವಳನ್ನ ಮೆರವಣಿಗೆಯಿಂದ ತೆಗೆದೆ,” ಎಂದರು ಮಾಸ್ತರರು ಮೆಲ್ಲಗೆ. “ಅವಳು ಡ್ರಮ್ಮಿನ ಕಡೆ ಕೈ ತೋರಿಸಿ, ಆ ಸೂರ್ಯನ್ನ ಕಿತ್ತು ಬಿಸಾಡ್ತೀನಿ ಅಂತ ಕೂಗಾಡಿದ್ಳು. ಎಲ್ಲರೂ ಕೇಳಿಸ್ಕೊಂಡಿದ್ದಾರೆ.”

“ಯಾಕೆ ತೆಗೆದೆ?”

“ಅವಳು ಊದೋದು ಇನ್ನೂ ಪಕ್ವ ಆಗಿಲ್ಲ ಅಂತ…”

ಅಕ್ಕ ತಮ್ಮನ ಮುಖವನ್ನೇ ನೋಡಿದಳು. ಚಿಕ್ಕಂದಿನಲ್ಲಿ ಸಕ್ಕರೆ ಡಬ್ಬಿ ಖಾಲಿಯಾದಾಗ ನೋಡುತ್ತಿದ್ದ ಅದೇ ನೋಟ. ಮಾಸ್ತರರು ಕಣ್ಣು ತಪ್ಪಿಸಿದರು.

ಕಂಪನಿಯ ಪ್ರಚಾರಾಧಿಕಾರಿ ಬಂದಳು. ಎಲ್ಲರೂ ಮೇಡಂ ಎನ್ನುತ್ತಿದ್ದ ನಲವತ್ತರ ಹೆಂಗಸು. ಎಡ ಹುಬ್ಬನ್ನು ಸೀಳಿಕೊಂಡು ಒಂದು ಹಳೆಯ ಗಾಯದ ಗೀರು. ಪ್ರಾಯೋಜಕತ್ವವನ್ನು ಓಡಾಡಿ ತಂದವಳು ಅವಳೇ. ಕೈಯಲ್ಲಿದ್ದ ಫೋನು ಒಂದೇ ಸಮನೆ ಗುನುಗುಡುತ್ತಿತ್ತು.

“ಮೇಲಿನವರಿಗೆ ಸುದ್ದಿ ಮುಟ್ಟಿದೆ ಮಾಸ್ತರ್ರೇ. ಹೊದಿಕೆ ಹೋದ್ರೆ ಹೋಗ್ಲಿ, ಹೊಸದು ಮಾಡಿಸೋಣ, ಇವತ್ತೊಂದು ದಿನ ಲಾಂಛನ ಬೇಡ ಅಂತ ಎಷ್ಟು ಹೇಳಿದ್ರೂ ಕೇಳ್ತಿಲ್ಲ. ಹೆಸರು ಬೇಕಂತೆ. ಮಧ್ಯಾಹ್ನದೊಳಗೆ ಹೆಸರು ಕೊಟ್ಟು ಆ ಮಗೂನ ತಂಡದಿಂದ ತೆಗೀಬೇಕು. ಇಲ್ಲದಿದ್ರೆ ಪೊಲೀಸ್ ಕಂಪ್ಲೇಂಟು, ಪ್ರಾಯೋಜಕತ್ವವೂ ವಾಪಸ್ಸು.”

“ಮಗು ಅಂತ ಯಾರು ಹೇಳಿದ್ದು?” ಅಕ್ಕ ಕೇಳಿದಳು.

“ಅವರೇ ಅಂದ್ಕೊಂಡಿದ್ದಾರೆ. ನಿನ್ನೆಯ ಕೂಗಾಟ ಕಿವಿಗೆ ಬಿದ್ದಿದೆ.” ಮೇಡಂ ಧ್ವನಿ ಇಳಿಯಿತು. “ನನಗೆ ಹಾಗನ್ನಿಸಲ್ಲ.”

“ನಿಮಗೆ ಈ ಕೋಣೆ ಹಳೇ ಪರಿಚಯ ಅಲ್ವಾ?”

“ಚಿಕ್ಕವಳಿದ್ದಾಗ ಇದೇ ಬ್ಯಾಂಡಲ್ಲಿದ್ದೆ. ಮಾಸ್ತರ್ರು ಬರೋಕೆ ಬಹಳ ಮುಂಚೆ.”

“ಏನು ಮಾಡ್ತಿದ್ರಿ?”

“ಏನೋ ಒಂದು. ಎಲ್ಲಾ ಮರೆತುಹೋಯ್ತು.” ಫೋನು ಮತ್ತೆ ಗುನುಗಿತು, ಮೇಡಂ ಹೊರಗೆ ಹೋದಳು.

ಅಷ್ಟರಲ್ಲಿ ಸುದ್ದಿ ಕೇಳಿ ಟ್ರಂಪೆಟ್ ಹುಡುಗಿ ತಾಯಿಯ ಕೈ ಹಿಡಿದುಕೊಂಡು ಬಂದಳು. ತಾಯಿ ಬಟ್ಟೆ ಹೊಲಿಯುವವಳು; ಕಂಪನಿಯ ದುಡ್ಡು ಬೇಡವೆಂದು ಪೋಷಕರ ಸಭೆಯಲ್ಲಿ ಕೈ ಎತ್ತಿದ್ದ ಒಬ್ಬಳೇ ಒಬ್ಬಳು. ಬಂದವಳೇ ಸಿಡಿದಳು.

“ನನ್ನ ಮಗಳನ್ನ ಕಳ್ಳಿ ಅಂತೀರಾ? ಅವಳ ಉಸಿರು ಕದ್ದವರನ್ನ ಯಾರೂ ಕೇಳಲ್ಲ!”

“ಕೂತ್ಕೋ ತಾಯಿ. ಕೇಳೋಕೇ ನಾನು ಬಂದಿರೋದು,” ಎಂದಳು ಅಕ್ಕ. ಹುಡುಗಿಯ ಕಡೆ ತಿರುಗಿದಳು. “ಇದು ನಿಂದೇನಾ?”

“ಹೌದು. ನಿನ್ನೆ ಸಂಜೆ ಡ್ರಮ್ಮಿನ ಹಿಂದೆ ಕೂತು ಅತ್ತೆ. ಆಗ ಬಿದ್ದಿರ್ಬೇಕು.”

“ಆಮೇಲೆ?”

“ಮನೆಗೆ ಹೋಗ್ತಿದ್ದ ಹಾಗೇ ಎದೆ ಹಿಡೀತು,” ಎಂದಳು ತಾಯಿ. “ಇದು ಸಿಗಲಿಲ್ಲ ಅಂತ ಔಷಧಿ ಅಂಗಡಿಗೆ ಓಡಿಹೋಗಿ ಹೊಸದು ತಂದೆ. ನೋಡಿ.” ಚೀಲದಿಂದ ಇನ್ನೊಂದು ಇನ್ಹೇಲರ್ ತೆಗೆದು ತೋರಿಸಿದಳು.

ಅಕ್ಕ ತಲೆಯಾಡಿಸಿದಳು. “ಅಂದ್ರೆ ಇದು ಕಳೆದದ್ದು ಸಂಜೆಯೇ. ರಾತ್ರಿ ಹೊದಿಕೆ ಬಿಚ್ಚೋಕೆ ಬಂದವಳು ಕಾಲಬುಡದಲ್ಲಿದ್ದ ತನ್ನ ಉಸಿರನ್ನ ಬಿಟ್ಟುಹೋಗ್ತಾಳಾ? ಎಲ್ಲರೂ ಈ ಡಬ್ಬಿಯಿಂದ ಅವಳನ್ನ ಹಿಡಿದ್ರಿ. ನಾನು ಇದರಿಂದಲೇ ಬಿಡ್ತೀನಿ.”

ಹುಡುಗಿ ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮಾಸ್ತರರಿಗೆ ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಆದರೆ ಅಕ್ಕ ಅವರ ತೋಳು ಹಿಡಿದು ಮೂಲೆಗೆ ಎಳೆದುಕೊಂಡು ಹೋದಳು.

“ಈಗ ನಿನ್ನ ಸರದಿ. ಅವಳನ್ನ ತೆಗೆದಿದ್ದು ಯಾಕೆ? ನಿಜ ಹೇಳು.”

ಮಾಸ್ತರರು ಹಣೆ ಒರೆಸಿಕೊಂಡರು. “ಕಂಪನಿ ಹೇಳಿಕಳಿಸ್ತು. ನಮ್ಮ ಲಾಂಛನದ ಪಕ್ಕದಲ್ಲಿ ಕೆಮ್ಮೋ ಮಗು ಟಿವಿಯಲ್ಲಿ ಕಾಣಬಾರದು ಅಂತ. ಮೇಡಂ ಬಂದು ಹೇಳಿದ್ರು. ಹೇಳುವಾಗ ಅವರಿಗೂ ಮುಖ ಎತ್ತೋಕಾಗಲಿಲ್ಲ.”

“ನೀನು ಒಪ್ಕೊಂಡೆ.”

“ಏನು ಮಾಡ್ಲಿ ಅಕ್ಕ? ಇವರು ಬರೋಕೆ ಮುಂಚೆ ತೂತು ಬಿದ್ದ ಟ್ರಂಪೆಟ್ಟಿಗೆ ಮೇಣ ಮೆತ್ತಿ ಊದಿಸ್ತಿದ್ದೆ. ಕೋಟಿಲ್ಲದೆ ಎಷ್ಟೋ ಮಕ್ಕಳು ಮನೇಲೇ ಉಳೀತಿದ್ರು. ಒಬ್ಬಳಿಗೋಸ್ಕರ ಅಷ್ಟೂ ಮಕ್ಕಳ ಬ್ಯಾಂಡು ಮುಚ್ಲಾ?”

“ದುಡ್ಡು ತಗೊಂಡಿದ್ದಕ್ಕೆ ನಾನು ಬೈತಿಲ್ಲ ಕಣೋ. ಮಕ್ಕಳಿಗೆ ಬೇಕಾಗಿತ್ತು, ತಗೊಂಡೆ. ಬದಲಿಗೆ ಏನು ಕೊಟ್ಟೆ ಅಂತ ಕೇಳ್ತಿದ್ದೀನಿ.”

ಊದುವುದು ಪಕ್ವವಾಗಿಲ್ಲ ಎಂದಾಗ ಆ ಹುಡುಗಿ ತನ್ನ ತುಟಿಗಳನ್ನೇ ಮುಟ್ಟಿ ನೋಡಿಕೊಂಡದ್ದು ಮಾಸ್ತರರಿಗೆ ನೆನಪಾಯಿತು. ಅವಳು ಅವರ ಮಾತನ್ನು ನಂಬಿದ್ದಳು. ಅದು ಅವರಿಗೆ ಕಳ್ಳತನಕ್ಕಿಂತ ದೊಡ್ಡದೆನಿಸಿ, ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಅಕ್ಕ ಗುಡುಗನನ್ನು ಕರೆದಳು. “ಏನಪ್ಪಾ, ನಿನ್ನೆ ಬಾರಿಸಿ ಆದ್ಮೇಲೆ ಡ್ರಮ್ಮಿಗೆ ಏನು ಮಾಡ್ದೆ?”

“ಏನಿಲ್ಲ. ಒರೆಸಿ ಸ್ಟ್ಯಾಂಡ್ ಮೇಲಿಟ್ಟೆ.”

“ತಿರುಪು ಸಡಿಲ ಮಾಡಲ್ವಾ?”

“ಯಾಕೆ ಮಾಡ್ಬೇಕು?” ಹುಡುಗ ಅಕ್ಕನಿಗೆ ತಲೆ ಕೆಟ್ಟಿದೆಯೇನೋ ಎಂಬಂತೆ ನೋಡಿದ. “ಮಾಡಿದ್ರೆ ಬೆಳಿಗ್ಗೆ ಮತ್ತೆ ಶ್ರುತಿ ಕೂರಿಸ್ಬೇಕಲ್ಲ!”

“ಸರಿ,” ಎಂದಳು ಅಕ್ಕ. ಗೋಡೆಯ ಮೇಲಿನ ಹಳೆಯ ಫೋಟೊ ಒಂದರ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ಬಾಗಿಲಾಚೆಗೆ ಕೂಗಿದಳು. “ಮೇಡಂ, ಒಳಗೆ ಬನ್ನಿ. ಹೆಸರು ಸಿಕ್ತು.”

ಮೇಡಂ ಬಂದು ಬಾಗಿಲಿಗೆ ಒರಗಿ ನಿಂತಳು.

“ನೀವೆಲ್ಲ ಹೋದ ಹೊದಿಕೆಯನ್ನ ಹುಡುಕಿದ್ರಿ. ಉಳಿದ ಹೊದಿಕೆಯನ್ನ ಯಾರೂ ನೋಡ್ಲಿಲ್ಲ,” ಎಂದಳು ಅಕ್ಕ. “ಈ ಎಡಗಡೆಯದು. ಕದಿಯೋಕೆ ಹೋಗಿ ಬಿಟ್ಟದ್ದು ಅಂದ್ಕೊಂಡ್ರಿ. ಗಡಿಬಿಡಿಯ ಕೈಯಾಗಿದ್ರೆ ಒಂದು ತಿರುಪು ಪೂರ್ತಿ ಸಡಿಲ, ಇನ್ನೊಂದು ಬಿಗಿ ಇರ್ಬೇಕಿತ್ತು. ಇಲ್ಲಿ ಎಲ್ಲವೂ ಒಂದೇ ಸಮ ಸಡಿಲ. ಯಾರೋ ಇದನ್ನ ಜೋಪಾನವಾಗಿ ಮಲಗಿಸಿ ಹೋಗಿದ್ದಾರೆ.”

“ಮಲಗಿಸಿ?” ಎಂದರು ಮಾಸ್ತರರು.

“ನೀನು ಊದೋ ಪೈಕಿ, ನಿನಗೆ ಗೊತ್ತಿಲ್ಲ. ನನ್ನ ಕಚೇರಿ ಪಕ್ಕದಲ್ಲೇ ಪೊಲೀಸ್ ಬ್ಯಾಂಡಿನ ಕೋಣೆ ಇತ್ತು. ಆಗ ಡ್ರಮ್ಮಿಗೆ ಚರ್ಮದ ಹೊದಿಕೆ. ಬಿಗಿಯಾಗಿ ಬಿಟ್ರೆ ರಾತ್ರಿ ಸೆಳೆತಕ್ಕೆ ಹರಿಯುತ್ತೆ ಅಂತ, ಬಾರಿಸಿದವನು ಎರಡೂ ಕಡೆ ಸಡಿಲ ಮಾಡದೆ ಮನೆಗೆ ಹೋಗ್ತಿರಲಿಲ್ಲ. ಈಗಿನದು ಪ್ಲಾಸ್ಟಿಕ್ಕು, ಆ ಗೊಡವೆಯೇ ಇಲ್ಲ. ಈ ಗುಡುಗನಿಗೆ ಆ ವಿಷಯವೇ ಗೊತ್ತಿಲ್ಲ. ಅಂದ್ಮೇಲೆ ರಾತ್ರಿ ಬಂದ ಕೈ ಚರ್ಮದ ಡ್ರಮ್ಮು ಬಾರಿಸಿ ಬೆಳೆದ ಕೈ. ಕದಿಯೋಕೆ ಬಂದರೂ ಡ್ರಮ್ಮನ್ನ ಬಿಗಿಯಾಗಿ ಬಿಟ್ಟು ಹೋಗೋಕೆ ಆ ಕೈಗೆ ಮನಸ್ಸು ಬರಲಿಲ್ಲ.”

ಅಕ್ಕ ಫೋಟೊದ ಮೇಲೆ ಬೆರಳಿಟ್ಟಳು. ಆಳೆತ್ತರದ ಡ್ರಮ್ಮು, ಅದರ ಹಿಂದಿನಿಂದ ಇಣುಕುವ ಒಂದು ಪುಟ್ಟ ಮುಖ. ಎಡ ಹುಬ್ಬಿನ ನಡುವೆ ಒಂದು ಗೀರು.

“ಏನು ಬಾರಿಸ್ತಿದ್ರಿ ಅನ್ನೋದು ನಿಮಗೆ ಮರೆತಿರಬಹುದು ಮೇಡಂ. ನಿಮ್ಮ ಕೈಗೆ ಮರೆತಿಲ್ಲ.”

ಮೇಡಂ ತನ್ನ ಕೈಗಳನ್ನು ನೋಡಿಕೊಂಡಳು. “ಸಡಿಲ ಮಾಡಿದ್ದು ನನಗೇ ಗೊತ್ತಿಲ್ಲ,” ಎಂದಳು ಅಚ್ಚರಿಯಿಂದ. ಕಣ್ಣೀರು ಇಳಿಯಿತು. “ಈ ಬ್ಯಾಂಡಿಗೆ ಏನಾದ್ರೂ ಮಾಡ್ಬೇಕು ಅಂತ ಕಂಪನಿಯವರ ಕಾಲು ಹಿಡಿದು ದುಡ್ಡು ತಂದೆ. ಆಮೇಲೆ ಈ ಮಗೂನ ತೆಗೀರಿ ಅನ್ನೋ ಮಾತನ್ನೂ ನಾನೇ ತರಬೇಕಾಯ್ತು. ಲಾಂಛನವೇ ಇಲ್ಲದಿದ್ರೆ ಪಕ್ಕದಲ್ಲಿ ಯಾರಿದ್ರೇನು ಅಂತ ಸುಮ್ಮನಾಗ್ತಾರೆ, ಮಗು ಮೆರವಣಿಗೆಗೆ ಬರುತ್ತೆ ಅಂದ್ಕೊಂಡೆ. ಅಪವಾದ ಅವಳ ತಲೆಗೇ ಬರುತ್ತೆ ಅಂತ ಹೊಳೀಲಿಲ್ಲ. ಬೆಳಿಗ್ಗೆಯಿಂದ ಬಾಯಿ ಬಿಡೋಕೆ ನೋಡ್ತಿದ್ದೀನಿ, ಧೈರ್ಯ ಸಾಲ್ತಿಲ್ಲ.”

ಅವಳು ಗೋಡೆಗೆ ನಿಲ್ಲಿಸಿದ್ದ ಕಂಪನಿಯ ದೊಡ್ಡ ಜಾಹೀರಾತು ಹಲಗೆಯ ಹಿಂದಕ್ಕೆ ಕೈ ಹಾಕಿ ಹೊದಿಕೆಯನ್ನು ಹೊರಗೆಳೆದಳು. ಸೂರ್ಯ ನಗುತ್ತಲೇ ಇದ್ದ. ಫೋನು ಮತ್ತೆ ಗುನುಗಿತು.

“ನಾನೇ ತೆಗೆದದ್ದು ಸರ್,” ಎಂದಳು ಮೇಡಂ ಫೋನಿಗೆ. ಧ್ವನಿ ನಡುಗಲಿಲ್ಲ. “ಮಕ್ಕಳಲ್ಲ. ನಾನು.”

ಮಾಸ್ತರರು ಕೈ ಚಾಚಿ ಫೋನು ತೆಗೆದುಕೊಂಡರು. ಜೀವನದಲ್ಲಿ ದೊಡ್ಡವರೆದುರು ಧ್ವನಿ ಎತ್ತಿದವರಲ್ಲ. ಈಗಲೂ ಎತ್ತಲಿಲ್ಲ.

“ನಮಸ್ಕಾರ ಸರ್, ಬ್ಯಾಂಡ್ ಮಾಸ್ತರ್ ಮಾತಾಡ್ತಿರೋದು. ಹೊದಿಕೆ ಸಿಕ್ಕಿದೆ, ಹಾಕ್ತೀವಿ. ನೀವು ಕೊಟ್ಟಿದ್ದು ಮಕ್ಕಳಿಗೆ ಬಹಳ ಉಪಕಾರ ಆಗಿದೆ, ಸುಳ್ಳು ಹೇಳಲ್ಲ. ಆದ್ರೆ ಆ ಹುಡುಗಿ ಮುಂದಿನ ಸಾಲಲ್ಲಿ, ಡ್ರಮ್ಮಿನ ಪಕ್ಕದಲ್ಲೇ ಇರ್ತಾಳೆ. ಎರಡರಲ್ಲಿ ಒಂದೇ ಅಂದ್ರೆ, ನಮಗೆ ಹುಡುಗಿ ಸಾಕು.”

ಆ ಕಡೆಯಿಂದ ಬಹಳ ಮಾತು ಬಂತು. ಮಾಸ್ತರರು ಹೂಂ, ಹೂಂ ಎಂದರು. ಕೊನೆಗೆ ಫೋನು ಕೆಳಗಿಟ್ಟರು.

“ಲಾಂಛನ ಹಾಕಬಾರದಂತೆ. ಮೆರವಣಿಗೆ ಮುಗಿದ ಮೇಲೆ ಕೋಟು, ಟ್ರಂಪೆಟ್ಟು ಎಲ್ಲಾ ವಾಪಸ್ಸು ಕೊಡಬೇಕಂತೆ.”

ಹುಡುಗಿಯ ತಾಯಿ ಎದ್ದು ನಿಂತಳು. “ಕೋಟು ಒಗೆದೇ ಕೊಡೋಣ. ನಮ್ಮ ಬೀದೀಲಿ ಒಣಹಾಕ್ತೀನಿ, ಅವರ ಧೂಳು ಅವರಿಗೇ ಸೇರ್ಲಿ. ಹಳೇ ಅಂಗಿಗಳಿದ್ರೆ ತನ್ನಿ, ಮುಂದಿನ ಸಲಕ್ಕೆ ಹೊಂದಿಸಿ ಹೊಲಿದ್ಕೊಡ್ತೀನಿ.” ಮೊದಲು ನಕ್ಕದ್ದು ಮೇಡಂ, ಅಳುತ್ತಲೇ ನಕ್ಕಳು.

ಕಪಾಟಿನ ಮೇಲಿದ್ದ, ಲಾಂಛನವಿಲ್ಲದ ಹಳೆಯ ಹೊದಿಕೆಯನ್ನು ಗುಡುಗ ಇಳಿಸಿದ. ಮೇಡಂ ಅಂಗಿಯ ತೋಳು ಮಡಚಿ ನೆಲದ ಮೇಲೆ ಕೂತು, ಒಂದು ತಿರುಪು, ಅದರ ಎದುರಿನದು, ಹೀಗೆ ಒಂದೊಂದಾಗಿ ಬಿಗಿಮಾಡುತ್ತಾ ಹೋದಳು. ನಾಳೆ ಅವಳಿಗೆ ಕೆಲಸ ಇರುತ್ತದೋ ಇಲ್ಲವೋ, ಈಗ ಅವಳ ಲಕ್ಷ್ಯವೆಲ್ಲ ಡ್ರಮ್ಮಿನ ಮೇಲಿತ್ತು.

ಮಾಸ್ತರರು ಟ್ರಂಪೆಟ್ ಹುಡುಗಿಯ ಮುಂದೆ ಮಂಡಿಯೂರಿದರು. “ನೀನು ಚೆನ್ನಾಗಿಯೇ ಊದ್ತೀಯ. ನಿನ್ನೆ ನಾನು ಸುಳ್ಳು ಹೇಳಿದೆ. ತಪ್ಪಾಯ್ತು ಕಂದ.”

ಹುಡುಗಿ ಟ್ರಂಪೆಟ್ಟು ಕೈಗೆತ್ತಿಕೊಂಡಳು.

“ವೇದಿಕೆ ಮುಂದೆ ಬಂದಾಗಲೇ ಕೆಮ್ಮು ಬಂದ್ರೆ ಸರ್?”

“ಬಂದ್ರೆ ಕೆಮ್ಮು. ನೀನು ಕೆಮ್ಮಿ ಮುಗಿಸೋ ತನಕ ಡ್ರಮ್ಮು ಎಲ್ಲರನ್ನೂ ನಿಂತಲ್ಲೇ ಹೆಜ್ಜೆ ಹಾಕಿಸ್ತಿರುತ್ತೆ,” ಎಂದರು ಮಾಸ್ತರರು. “ನೀನು ಊದಿದ ಮೇಲೇ ನಾವು ಮುಂದೆ ಹೋಗೋದು.”