ಲುಪೆಯ ಹಿಮ್ಮಡಿ ಉಳಿಸಿದವನು

"ಅವಳ ಕಾಲಿಂದ ಕೈ ತೆಗೀರಿ!"

ಮನೆಯ ಕಂಬದ ಪಕ್ಕ ನಿಂತೇ ಕೂಗಿದವನನ್ನು ಕಂಡು ಲುಪೆಗೆ ಮೈಯೆಲ್ಲ ಉರಿದುಹೋಯಿತು. ಸವಾಯಿ ದ್ವೀಪದ ಆಸ್ಪತ್ರೆಗೆ ಹೊಸದಾಗಿ ಬಂದ ನರ್ಸ್ ಸೆಫೊ, ಅವಳ ಜ್ವರ ವಿಚಾರಿಸಲು ಬಂದಿದ್ದ. ಹೆಂಗಸರೆಲ್ಲ ಚಾಪೆಯ ಮೇಲೆ ಕೂತಿರುವಾಗ ನಿಂತುಕೊಂಡು ಮಾತಾಡುವುದೇ ತಪ್ಪು. ಅಂಥದ್ದರಲ್ಲಿ, ಕುಣಿತದ ಅಭ್ಯಾಸದಲ್ಲಿ ಉಳುಕಿತೆಂದು ಅವಳ ಹಿಮ್ಮಡಿ ನೀವುತ್ತಿದ್ದ ದೊಡ್ಡಮ್ಮನ ಮೇಲೆ ಕೂಗುವುದೇ? ಊರಿನ ಉಳುಕನ್ನೆಲ್ಲ ಕೊಬ್ಬರಿ ಎಣ್ಣೆ ಹಾಕಿ ನೀವಿದ ಕೈ ಅದು!

ಸೆಫೊ ತಟ್ಟನೆ ಕುಳಿತ. ಅವನ ಕಣ್ಣು ಮಾತ್ರ ಅವಳ ಪಕ್ಕದಲ್ಲಿದ್ದ ಮಾತ್ರೆಯ ಪೊಟ್ಟಣದ ಮೇಲೆಯೇ ಇತ್ತು.

"ಇದು ಕುಣಿದು ಬಂದ ನೋವಲ್ಲ ಅನ್ಸತ್ತೆ. ಕಿಡ್ನಿ ಸೋಂಕಿಗೆ ಕೊಟ್ಟಿರೋ ಈ ಆ್ಯಂಟಿಬಯಾಟಿಕ್ ಕೆಲವರಿಗೆ ಹಿಮ್ಮಡಿ ಹಿಂದಿನ ದಪ್ಪ ಸ್ನಾಯುಹುರೀನೇ ದುರ್ಬಲ ಮಾಡತ್ತೆ. ಒತ್ತಬೇಡಿ, ಕುಣೀಬೇಡಿ. ಇವತ್ತೇ ಡಾಕ್ಟರಿಗೆ ತೋರಿಸಿ."

ಕುಣಿಯಬೇಡಿ!

ಹೊಸ ಚರ್ಚು ತೆರೆಯುವ ದಿನ ಕೊನೆಯ ಕುಣಿತ ಮುಖಂಡನ ಮಗಳಾದ ಅವಳದ್ದು. ತೀರಿಹೋದ ಅಮ್ಮ ಒಮ್ಮೆ ಕುಣಿದಿದ್ದ ಕುಣಿತ ಅದು. ಪಟ್ಟಣದಿಂದ ಬಂದ ಇವನಿಗೆ ನಮ್ಮವರ ಕೈಯೂ ಬೇಡ, ಕುಣಿತವೂ ಬೇಡ... ಲುಪೆ ಮುಖ ತಿರುಗಿಸಿದಳು.

ಅವನು ಹೋದ ಮೇಲೆ ಹಟಕ್ಕೆ ಎದ್ದು ಒಂದು ಹೆಜ್ಜೆ ಹಾಕಿದಳು. ಹಿಮ್ಮಡಿಯಲ್ಲಿ ಚಳಕ್ಕೆಂದಿತು. ಹೆದರಿ ಆಸ್ಪತ್ರೆಗೆ ಹೋದರೆ ಡಾಕ್ಟರು ಹೇಳಿದ್ದೂ ಅದನ್ನೇ. ಮಾತ್ರೆ ಬದಲಿಸಿದರು; ಇನ್ನಷ್ಟು ಒತ್ತಿಸಿಕೊಂಡು ಕುಣಿದಿದ್ದರೆ ಆ ಹುರಿಯೇ ಹರಿಯಬಹುದಿತ್ತು ಎಂದರು.

ಬಸ್ಸಿನಲ್ಲಿ ಬರುವಾಗ ಅವಳಿಗೆ ಅಳು ಬಂತು. ಕುಣಿತ ಹೋಯಿತು. ಕಾಲು ಉಳಿಯಿತು. ಅದು ಉಳಿದದ್ದು ಯಾರಿಂದ?

ಮರುದಿನ ಬೆಳಗ್ಗೆ ಮನೆಯೆದುರು ಯಾರೋ ನವಿರಾದ ಚಾಪೆಯನ್ನು ತಲೆತುಂಬ ಹೊದ್ದು ಕುಳಿತಿದ್ದರು. ತಪ್ಪಿಗೆ ಕ್ಷಮೆ ಕೇಳಲು ಹಾಗೆ ಕೂತವರು, ನೊಂದವರು ಅದನ್ನು ಎತ್ತುವ ತನಕ ಏಳುವಂತಿಲ್ಲ.

ದೊಡ್ಡಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕೊಲೆ ಮಾಡಿದೋರು ಹೊದ್ಕೊಳ್ಳೋ ಚಾಪೆ ಕಣೋ ಇದು. ಕೂಗಿದ್ದಕ್ಕೆಲ್ಲ ಹೊದೀತಾರೇನೋ?" ಆಮೇಲೆ ಲುಪೆಯ ಕಡೆ ತಿರುಗಿದಳು. "ನನ್ನ ಸಿಟ್ಟು ನಿನ್ನೇನೇ ಇಳೀತು. ನಿಂದೂ ಇಳಿದಿದ್ರೆ ನೀನೇ ಎತ್ತು."

ಲುಪೆ ಕುಂಟುತ್ತಾ ಬಂದು ಚಾಪೆ ಎತ್ತಿದಳು. ಬೆವರಿಳಿಯುತ್ತಿದ್ದ ಮುಖ!

"ದೊಡ್ಡೋರ ಮೇಲೆ ಕೂಗಿದ್ದು ತಪ್ಪು," ಎಂದ ಸೆಫೊ. "ಹೇಳಿದ್ದು ತಪ್ಪಲ್ಲ."

"ಗೊತ್ತು. ಡಾಕ್ಟರೂ ಹಾಗೇ ಅಂದ್ರು." ಲುಪೆ ಚಾಪೆಯನ್ನು ಮಡಿಸಿದಳು. "ಕುಣಿತಾನ ತಂಗಿಗೆ ಬಿಟ್ಟುಕೊಟ್ಟೆ... ಆದ್ರೂ ನಾನು ನಡ್ಕೊಂಡು ಬಂದು ಈ ಚಾಪೆ ಎತ್ತಿದ್ದು ನಿಮ್ಮಿಂದ. ಈ ಉಪಕಾರ ಮರೆಯಲ್ಲ."

"ಉಪಕಾರ ಅಲ್ಲ ಲುಪೆ. ಜ್ವರ ಅಂತ ಆಸ್ಪತ್ರೆಗೆ ಬಂದ್ಯಲ್ಲ, ಅವತ್ತಿಂದ ನೀನು ಮನಸ್ಸಲ್ಲೇ ಇದ್ದೀಯ. ನಿನ್ನೆ ನಿನ್ನ ನೋವು ನೋಡಿ ನಿಂತಿದ್ದೀನೋ ಕೂತಿದ್ದೀನೋ ಗೊತ್ತಾಗ್ಲಿಲ್ಲ."

ಲುಪೆಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. ಇಂಥವನನ್ನು ಕಳಿಸಿದ ದೇವರಿಗೆ ಅವಳು ಮನಸ್ಸಿನಲ್ಲೇ ಕೈಮುಗಿದಳು.

"ಮದುವೆ ಹೆಣ್ಣೂ ಆ ಕೊನೇ ಕುಣಿತ ಕುಣೀತಾಳೆ, ಗೊತ್ತಾ?" ಎಂದಳು ಮೆಲ್ಲಗೆ.

"ಗೊತ್ತು. ಯಾವಾಗ ಕುಣೀತೀಯ?"

"ಕಾಲು ಪೂರ್ತಿ ವಾಸಿಯಾದ ಮೇಲೆ. ಅಲ್ಲೀವರೆಗೂ ಕಾಯ್ತೀಯಾ?"

"ನಿಧಾನಕ್ಕೆ ವಾಸಿಯಾಗ್ಲಿ," ಎಂದು ಅವನು ಅವಳಿಗೆ ತೋಳು ಕೊಟ್ಟ. "ನಾನೆಲ್ಲೂ ಹೋಗಲ್ಲ."