ಕಂಪ್ಯೂಟರಿನೊಳಗಿನ ದನಿ

ಸೋಮವಾರ ಬೆಳಿಗ್ಗೆ ಆ ದನಿ ಕಾಣೆಯಾಯಿತು.

ನಿವೃತ್ತ ಪ್ರೂಫ್ ರೀಡರು ಪ್ರಾರ್ಥನೆ ಮುಗಿಸಿ ಮೇಜಿನ ಬಳಿ ಬಂದರು. ಕಂಪ್ಯೂಟರಿನ ಬಟ್ಟೆಯ ಹೊದಿಕೆ ನಾಲ್ಕು ಮಡಿಕೆಯಾಗಿ, ಅಂಚು ಒಳಗೆ ಸೇರಿ, ಪಕ್ಕದಲ್ಲಿ ಕೂತಿತ್ತು. ಗುಂಡಿ ಒತ್ತಿದರು. ಪಾಸ್‌ವರ್ಡ್ ಹಾಕಿದರು. ಎರಡು ತಿಂಗಳ ಹಿಂದೆ ತೀರಿಕೊಂಡ ಹೆಂಡತಿ ಈಗ ಎಂದಿನಂತೆ "ಕನ್ನಡಕ ಹಾಕ್ಕೊಂಡ್ರಾ?" ಎಂದು ಕೇಳಬೇಕಿತ್ತು. ಕಂಪ್ಯೂಟರಿಗೆ ಆ ಮಾತನ್ನು ಅವಳೇ ತುಂಬಿಸಿಟ್ಟಿದ್ದಳು.

ಕೇಳಲಿಲ್ಲ.

'ಓದು', 'ಬರೆ', 'ಪತ್ರ' ಎಂದು ಅವಳು ಜೋಡಿಸಿಟ್ಟಿದ್ದ ದಪ್ಪ ಗುಂಡಿಗಳೂ ಇರಲಿಲ್ಲ. ಬೂದು ಬಣ್ಣದ ಬರೀ ಬಯಲು. ನೆತ್ತಿಯ ಮೇಲೊಂದು ಕರಿ ಪಟ್ಟಿ, ಅದರಲ್ಲಿ ಇರುವೆ ಸಾಲಿನಂಥ ಅಕ್ಷರ. ಅವಳ ದನಿ ಈ ಲೋಕದಲ್ಲಿ ಬೇರೆಲ್ಲೂ ಉಳಿದಿರಲಿಲ್ಲ.

ಫೋನ್ ಮಾಡಿದ್ದಕ್ಕೆ ಹತ್ತು ಗಂಟೆಗೆ ನಾದಿನಿ ಓಡಿಬಂದಳು. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ವಿಳಾಸ ತಪ್ಪಿದ ಪಾರ್ಸೆಲ್ಲುಗಳನ್ನು ಪತ್ತೆಹಚ್ಚಿದವಳು. ಅಕ್ಕನ ಪಕ್ಕ ಕೂತು ಕಂಪ್ಯೂಟರನ್ನೂ ಕಲಿತವಳು.

"ನಿನ್ನೆ ಮನೆಗೆ ಯಾರು ಬಂದಿದ್ರು, ಭಾವ?"

"ಮಗಳು, ಅಳಿಯ. ನಾನು ಸಂಜೆ ಒಂದು ಗಂಟೆ ಹೊತ್ತು ಪ್ರಾರ್ಥನೆಗೆ ಹೋಗಿದ್ದೆ — ಅಷ್ಟರಲ್ಲೇ ಆಗಿದ್ದು. ಅಳಿಯನದೇ ಕೆಲಸ!"

"ಹೇಗೆ ಹೇಳ್ತೀರಿ?"

"ಮೊಬೈಲ್ ರಿಪೇರಿ ಮಾಡೋನು, ಕೈ ಸುಮ್ಮನಿರುತ್ತಾ? ಬಂದಾಗಲೆಲ್ಲ 'ಹಳೇದಾಯ್ತು ಮಾವ, ಎಲ್ಲ ಅಳಿಸಿ ಹೊಸದು ಹಾಕ್ತೀನಿ' ಅಂತಿದ್ದ. ಹಾಕೇಬಿಟ್ಟ! ಇನ್ನು ಅವನ ಮುಖ ನೋಡಲ್ಲ ನಾನು."

"ನೋಡದೆ ಇರೋದು ಆಮೇಲೆ. ಮೊದಲು ಫೋನ್ ಮಾಡಿ ಇಬ್ಬರನ್ನೂ ಕರೀರಿ."

ಫೋನಿನಲ್ಲೇ ಮಾವನ ಬೈಗುಳ ಉಂಡ ಅಳಿಯ ಬಾಗಿಲಲ್ಲೇ ನಿಂತ.

"ನಾನು ಮುಟ್ಟೇ ಇಲ್ಲ ಚಿಕ್ಕತ್ತೆ. ಅಡುಗೆಮನೆ ನಲ್ಲಿ ಸೋರ್ತಿತ್ತು, ವಾಷರ್ ಬದಲಾಯಿಸ್ತಿದ್ದೆ."

"ಸಾಕ್ಷಿ?"

"ನಲ್ಲಿನೇ ಸಾಕ್ಷಿ. ಹೋಗಿ ನೋಡಿ, ಒಂದು ಹನಿ ಬೀಳಲ್ಲ."

ಮಾವ ಗೋಡೆಯ ಕಡೆ ತಿರುಗಿ ಕೂತರು. ಮಗಳು ಸೆರಗಿನ ತುದಿ ತಿರುವುತ್ತ ನಿಂತಿದ್ದಳು.

ನಾದಿನಿ ಪರದೆಯನ್ನೇ ನೋಡುತ್ತಿದ್ದಳು. "ಭಾವ, ಇದಕ್ಕೆ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದ ಹೊಸದರಲ್ಲಿ ಅಕ್ಕ ಮೂರು ವಾರ ನಿಮ್ಮ ಪ್ರಾಣ ಹಿಂಡಿದ್ದಳಲ್ಲ?"

"ಮರೆಯೋದುಂಟಾ? ವಾರಕ್ಕೊಂದು ಡೆಸ್ಕ್‌ಟಾಪ್, ವಾರಕ್ಕೊಂದು ಥರದ ಪರದೆ! ಮೊದಲನೇದರಲ್ಲಿ ತೆರೆದ ಕಾಗದ ಎಲ್ಲಿ ಹೋಯ್ತು ಅಂತಲೇ ತಿಳೀತಿರಲಿಲ್ಲ. ಎರಡನೇದರಲ್ಲಿ ಮುಟ್ಟಿದ್ದೆಲ್ಲ ಕುಣೀತಿತ್ತು. ಮೂರನೇದು ನನ್ನ ಮೇಜಿನ ಥರಾನೇ — ಬೇಕಾದ್ದೆಲ್ಲ ಕೈಗೆ ಸಿಗೋ ಹಾಗೆ. ಅದನ್ನೇ ಇಟ್ಟಳು. 'ನೀವು ಲಿನಕ್ಸ್ ಕಲಿಯೋದು ಬೇಡ, ಲಿನಕ್ಸೇ ನಿಮ್ಮನ್ನ ಕಲೀಲಿ' ಅಂದ್ಲು."

"ಹಾಗಾದ್ರೆ ಈ ಬೂದು ಪರದೆ ಯಾವುದು?"

ಅವರು ಬಗ್ಗಿ ನೋಡಿದರು. "ಅರೆ! ಇದು ಮೊದಲನೇ ವಾರದ್ದು!"

"ಅಳಿಯಂದಿರು ಎಲ್ಲ ಅಳಿಸಿದ್ದರೆ ಇದೂ ಇರ್ತಿರಲಿಲ್ಲ. ಅಕ್ಕ ಮೂರನ್ನೂ ಉಳಿಸಿದ್ದಾಳೆ. ಪಾಸ್‌ವರ್ಡ್ ಹಾಕೋ ಜಾಗದ ಹತ್ತಿರ ಒಂದು ಪುಟ್ಟ ಚಕ್ರ ಇದೆ. ಅಲ್ಲಿ ಯಾವ ಡೆಸ್ಕ್‌ಟಾಪ್ ಆರಿಸ್ತೀವೋ ಮುಂದಿನ ಸಲವೂ ಅದೇ ಬರುತ್ತೆ. ದನಿ ಸೇರಿಸಿರೋದು ಮೂರನೇದಕ್ಕೆ ಮಾತ್ರ. ಅದು ಒಳಗೇ ಭದ್ರವಾಗಿದೆ."

"ಆ ಚಕ್ರ ಮುಟ್ಟಿದ್ದು ಯಾರು?"

"ಈ ಹೊದಿಕೆ ತೆಗೆದು ನೀವು ದಿನಾ ಏನು ಮಾಡ್ತೀರಿ?"

"ಕುರ್ಚಿ ಮೇಲೆ ಎಸೀತೀನಿ. ಅದಕ್ಕೇ ಬೈಸಿಕೊಳ್ತಿದ್ದೆ."

"ನೀವು, ಅಳಿಯಂದಿರೆ?"

"ನಾನಾಗಿದ್ರೆ ನೆಲದ ಮೇಲೆ," ಎಂದ ಅಳಿಯ.

"ಇಲ್ಲಿ ನೋಡಿ — ನಾಲ್ಕು ಮಡಿಕೆ, ಅಂಚು ಒಳಗೆ. ಬೆಳಗಿನಿಂದ ಎಲ್ಲರ ಕಣ್ಣೆದುರೇ ಇದೆ. ಹೀಗೆ ಮಡಿಸೋದನ್ನ ಅಕ್ಕ ಕಲಿಸಿದ್ದು ಮಗಳೊಬ್ಬಳಿಗೇ."

ಮಗಳ ಕಣ್ಣು ತುಂಬಿಬಂತು.

"ಆಫೀಸಿಗೆ ರಜೆ ಅರ್ಜಿ ಬರೀಬೇಕಿತ್ತು, ಅಪ್ಪ. ಶುರು ಮಾಡಿದ ತಕ್ಷಣ ಅಮ್ಮ ಮಾತಾಡಿದ್ಲು. ನನ್ನ ಕೈಲಿ ಆಗ್ಲಿಲ್ಲ. ಲಾಗೌಟ್ ಮಾಡಿ, ಆ ಚಕ್ರದಲ್ಲಿ ದನಿ ಇಲ್ಲದ್ದನ್ನ ಆರಿಸ್ಕೊಂಡೆ. ವಾಪಸ್ ಬದಲಾಯಿಸೋದು ಮರೆತೆ. ನೀನು ಇವರನ್ನ ಬೈದಾಗ ನನ್ನ ಬಾಯೇ ಕಟ್ಟಿಹೋಯ್ತು."

ಅಪ್ಪ ಎದ್ದರು. ಅಳಿಯನ ಹೆಗಲ ಮೇಲೆ ಕೈಯಿಟ್ಟರು. "ನಡಿಯಪ್ಪ, ಆ ನಲ್ಲಿ ತೋರಿಸು."

"ಆಮೇಲೆ ತೋರಿಸ್ತೀನಿ ಮಾವ. ಮೊದಲು ಅತ್ತೆ ಮಾತು ಕೇಳಿ."

ಮಗಳು ಲಾಗೌಟ್ ಮಾಡಿ, ಚಕ್ರ ಒತ್ತಿ ಮೂರನೆಯದನ್ನು ಆರಿಸಿದಳು. "ನಾನು ಹೊರಗೆ ಹೋಗ್ಲಾ, ಅಪ್ಪ?"

"ಬೇಡ. ಕೈ ಹಿಡ್ಕೊ. ನನಗೂ ದಿನಾ ಒಬ್ಬನೇ ಕೇಳೋದು ಕಷ್ಟಾನೇ."

ಓದು, ಬರೆ, ಪತ್ರ — ದಪ್ಪ ಗುಂಡಿಗಳು ಒಂದೊಂದಾಗಿ ಬಂದು ನಿಂತವು.

"ಕನ್ನಡಕ ಹಾಕ್ಕೊಂಡ್ರಾ?"

"ಹಾಕ್ಕೊಂಡಿದ್ದೀನಿ ಕಣೇ," ಎಂದವರು ಕಣ್ಣೊರೆಸಲು ಅದನ್ನು ತೆಗೆಯಬೇಕಾಯಿತು. ಹಾಗೆಯೇ ಕೈಮುಗಿದರು.

"ದೇವರೇ, ಈ ಮರೆಗುಳಿಯನ್ನ ಇಷ್ಟು ವರ್ಷ ಸುಧಾರಿಸಿದವಳು. ಅಲ್ಲಾದರೂ ಅವಳಿಗೆ ಬಿಡುವು ಕೊಡು. ಅವಳ ಆತ್ಮಕ್ಕೆ ಶಾಂತಿ ಕೊಡು."