ಕೈ ಹಿಡಿದ ಏಳು ಡಬ್ಬಿಗಳು

ಬಹಳ ಬಹಳ ಹಿಂದೆ, ಮೋಡಗಳು ನೆಲಕ್ಕಿಳಿದು ಕೆರೆಯ ನೀರು ಕುಡಿದು ಹೋಗುತ್ತಿದ್ದ ಕಾಲದಲ್ಲಿ, ಸೊಡರೂರು ಎಂಬ ರಾಜ್ಯವಿತ್ತು. ಅಲ್ಲಿಯ ರಾಜನಿಗೆ ಆನೆ ಬೇಡ, ಕುದುರೆ ಬೇಡ. ಒಂದು ಆಟಿಕೆ ರೈಲಿದ್ದರೆ ಸಾಕು. ಮೊಳದುದ್ದದ ಎಂಜಿನ್ನು, ಅದರ ಹಿಂದೆ ಏಳು ಡಬ್ಬಿ. ರಾಜನ ಅಜ್ಜ ಒಂದು ಮಳೆಗಾಲದಲ್ಲಿ ಮಿಂಚು ಹಿಡಿದು ಜಾಡಿಯಲ್ಲಿ ಇಟ್ಟಿದ್ದ. ಆ ಮಿಂಚು ಒಂದು ಹಳಿಯಲ್ಲಿ ಹೊರಟು, ರೈಲು ಓಡಿಸಿ, ಇನ್ನೊಂದು ಹಳಿಯಲ್ಲಿ ಜಾಡಿಗೆ ಮರಳುತ್ತಿತ್ತು. ಮರಳುವ ದಾರಿ ಕಾಣದಿದ್ದರೆ ಅದು ಒಂದು ಹೆಜ್ಜೆಯನ್ನೂ ಇಡುತ್ತಿರಲಿಲ್ಲ, ಡಬ್ಬಿಗಳ ದೀಪವೂ ಹತ್ತುತ್ತಿರಲಿಲ್ಲ.

ಅದೇ ಊರಿನಲ್ಲಿ ಜಾಜಕ್ಕ, ಸಂಪಿಗೆ ಎಂಬ ಅಕ್ಕತಂಗಿಯರಿದ್ದರು. ಸರದ ತುದಿಗೆ ಹಾಕುವ ಕೊಂಡಿ ಮಾಡುವುದು ಅವರ ಕಸುಬು. ತಾಯಿಯಿಲ್ಲದ ಸಂಪಿಗೆಯನ್ನು ಸಾಕಿದವಳೂ ಜಾಜಕ್ಕ, ಕಸುಬು ಕಲಿಸಿದವಳೂ ಜಾಜಕ್ಕ. "ಬಲತುದಿಗೆ ಕೊಕ್ಕೆ, ಎಡತುದಿಗೆ ಕುಣಿಕೆ. ಒಂದೇ ತುದಿಗೆ ಎರಡೂ ಹಾಕಿದ್ರೆ ತೊಟ್ಟವಳ ಮನೆ ಮುರಿಯುತ್ತೆ ಕಣೇ" ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ಊರಿನ ಹೆಂಗಸರೆಲ್ಲ ಅದನ್ನು ನಂಬಿದ್ದರು. ಅವರ ಮನೆಗಳು ಮುರಿದರೆ ಬೇರೆ ಕಾರಣಕ್ಕೆ ಮುರಿಯುತ್ತಿದ್ದವು.

ಹೀಗಿರುವಾಗ ಮಬ್ಬಯ್ಯನೆಂಬ ಮಾಯಗಾರ ಆ ಊರಿಗೆ ಬಂದ. ಅವನಿಗೆ ರಾಜನಾಗುವ ಆಸೆ. ತನ್ನ ಹೆಸರನ್ನೇ ಮರೆತವನು ಯಾರನ್ನು ಬೇಕಾದರೂ ರಾಜ ಅನ್ನುತ್ತಾನೆ ಎಂಬುದು ಅವನಿಗೆ ಗೊತ್ತಿತ್ತು. ಅರಮನೆಯ ಮಾಳಿಗೆ ಹತ್ತಿ ಊರಿನ ಮೇಲೆಲ್ಲ ಮಂಕುಬೂದಿ ಎರಚಿದ. ರಾಜ, ರಾಣಿ, ಬಡಗಿ, ಗಾಣಿಗ, ಜಾಜಕ್ಕ ಎಲ್ಲರೂ ಹೆಬ್ಬೆರಳುದ್ದವಾಗಿ ರೈಲಿನ ಡಬ್ಬಿಗಳಲ್ಲಿ ಹೋಗಿ ಕುಳಿತರು. ಆಕಾಶವು ಹಗಲೂ ಅಲ್ಲದ, ರಾತ್ರಿಯೂ ಅಲ್ಲದ ಮುಸ್ಸಂಜೆಯಲ್ಲಿ ನಿಂತುಬಿಟ್ಟಿತು. ಸಂಪಿಗೆ ಮಾತ್ರ ಆಗ ಒಲೆಯ ಮುಂದೆ ಊದುಗೊಳವೆ ಊದುತ್ತಿದ್ದಳು. ಅವಳ ಮೇಲೆ ಬೀಳಬೇಕಾದ ಬೂದಿ ಅವಳ ಉಸಿರಿಗೇ ಹಾರಿಹೋಯಿತು.

ಅವಳು ಅರಮನೆಯ ಹಿಂದಿನ ಗುಡ್ಡಕ್ಕೆ ಓಡಿದಳು. ರೈಲು ಗುಡ್ಡ ಸುತ್ತಿ ಸುರಂಗ ಹೊಕ್ಕು ಬರುತ್ತಿದ್ದ ಜಾಗ ಅದು. ಆದರೆ ಈಗ ಅಲ್ಲಿದ್ದದ್ದು ಸುರಂಗವಲ್ಲ, ಬಾಯಿ ತೆರೆದು ಮಲಗಿದ್ದ ಹೆಬ್ಬಾವು. ಕತ್ತಲಲ್ಲಿ ಇದ್ದವರ ನೆನಪು ಅದರ ಆಹಾರ; ಬೆಳಕಲ್ಲಿ ಇದ್ದವರ ತಂಟೆಗೆ ಅದು ಹೋಗುತ್ತಿರಲಿಲ್ಲ. ಡಬ್ಬಿಗಳಲ್ಲಿ ದೀಪಗಳೇನೋ ಇದ್ದವು. ಆದರೆ ಡಬ್ಬಿಯಿಂದ ಡಬ್ಬಿಗೆ ಮಿಂಚು ದಾಟಿಸುವ ಕೊಂಡಿಗಳನ್ನು ಮಬ್ಬಯ್ಯ ಕಿತ್ತು ಕೆರೆಗೆ ಎಸೆದಿದ್ದ. ತಾನು ಕತ್ತಲೆಯ ಕಂಬಳಿ ಹೊದ್ದು ಹೆಬ್ಬಾವಿನ ತಲೆಯ ಪಕ್ಕ ಕುಳಿತಿದ್ದ.

"ನನ್ನ ಅಕ್ಕನ್ನ ಬಿಟ್ಟುಬಿಡು" ಎಂದಳು ಸಂಪಿಗೆ.

"ರೈಲು ಮೂರು ಸುತ್ತು ಹೋಗುತ್ತೆ" ಎಂದ ಮಬ್ಬಯ್ಯ. "ಮೂರು ಮುಗಿದ ಮೇಲೆ ಇವರಿಗೆ ತಮ್ಮ ಹೆಸರೂ ಇರಲ್ಲ. ಅಷ್ಟರೊಳಗೆ ಒಂದು ಸಲ ಏಳೂ ದೀಪ ಆರದ ಹಾಗೆ ಹೋಗಿಬರಲಿ, ಎಲ್ಲರನ್ನೂ ಬಿಡ್ತೀನಿ. ಆಗಲಿಲ್ವೋ, ಕೊನೆಯ ಡಬ್ಬಿಯಲ್ಲಿ ನಿನಗೂ ಒಂದು ಜಾಗ ಇದೆ."

ಮಾಯಗಾರರಿಗೆ ಇದೊಂದು ರೋಗ. ಗೆದ್ದಾದ ಮೇಲೂ ಪಂದ್ಯ ಕಟ್ಟುತ್ತಾರೆ.

ಸಂಪಿಗೆ ಮನೆಯಿಂದ ಹಿತ್ತಾಳೆಯ ದಪ್ಪ ತಂತಿ ತಂದಳು. ದಪ್ಪಗಿದ್ದರೆ ಗಟ್ಟಿ ಎಂದುಕೊಂಡಳು. ಡಬ್ಬಿ ಡಬ್ಬಿಯ ನಡುವೆ ಮಿಂಚು ಹೋಗಲು ಒಂದು, ಮರಳಲು ಒಂದು ತಂತಿ ಕಟ್ಟಿ, ಒಂದಕ್ಕೊಂದು ತಾಗದ ಹಾಗೆ ರೇಷ್ಮೆ ದಾರ ಸುತ್ತಿದಳು. ಏಳೂ ದೀಪ ಹತ್ತಿದವು. ಕೊನೆಯ ಡಬ್ಬಿಯ ಕಿಟಕಿಯಲ್ಲಿ ಜಾಜಕ್ಕ ನಕ್ಕಳು. ರೈಲು ಹೊರಟಿತು, ಗುಡ್ಡದ ತಿರುವಿಗೆ ಬಂತು. ಡಬ್ಬಿಗಳು ಬಾಗಿದವು, ತಂತಿ ಬಾಗಲಿಲ್ಲ. ಟಣ್ ಎಂದು ಮುರಿಯಿತು. ಡಬ್ಬಿಗಳು ಕತ್ತಲಲ್ಲೇ ಹೆಬ್ಬಾವಿನ ಬಾಯಿ ಹೊಕ್ಕವು.

ಹೊರಗೆ ಬಂದಾಗ ಜಾಜಕ್ಕ ಕೇಳಿದಳು: "ನಾವು ಯಾವ ಊರಿನವರೇ, ಸಂಪಿಗೆ?"

ಸಂಪಿಗೆ ಹಣೆ ಚಚ್ಚಿಕೊಂಡಳು. ಕುತ್ತಿಗೆಗೆ ಬಾಗದ ಸರವನ್ನು ಯಾರಾದರೂ ತೊಡುತ್ತಾರೆಯೇ? ಈ ಸಲ ಸಾಸಿವೆಯಷ್ಟು ಸಣ್ಣ ಬಳೆಗಳನ್ನು ಹೆಣೆದು ಸರಪಳಿ ಮಾಡಿದಳು. ಪ್ರತಿ ಡಬ್ಬಿಯ ಮುಂತುದಿಗೆ ಎರಡು ಕೊಕ್ಕೆ, ಹಿಂತುದಿಗೆ ಎರಡು ಕುಣಿಕೆ, ಅಕ್ಕ ಕಲಿಸಿದ ಹಾಗೆಯೇ. ತಾಗಿದೊಡನೆ ತಾವೇ ಸಿಕ್ಕಿಕೊಳ್ಳುವ ಕೊಕ್ಕೆಗಳು. ರೈಲು ತಿರುವಿನಲ್ಲಿ ಬಳುಕುತ್ತಾ ಹೋಯಿತು, ಒಂದು ದೀಪವೂ ಆರಲಿಲ್ಲ. ಆದರೆ ಹೊಟ್ಟೆಯೊಳಗೆ ಬೆಳಕು ಬಂದರೆ ಯಾವ ಹಾವಿಗೆ ನಿದ್ದೆ ಬರುತ್ತದೆ? ಹೆಬ್ಬಾವು ಮಗ್ಗುಲು ಬದಲಿಸಿತು. ಡಬ್ಬಿಗಳು ಕಳಚಿದವು, ಕೆಲವು ಹಿಂದುಮುಂದಾಗಿ ಮತ್ತೆ ಕೂಡಿದವು. ಕೊಕ್ಕೆಗೆ ಕೊಕ್ಕೆ ಎದುರಾಯಿತು, ಕುಣಿಕೆಗೆ ಕುಣಿಕೆ. ದೀಪಗಳು ಆರಿಹೋದವು.

ಈ ಸಲ ಜಾಜಕ್ಕ ಕಿಟಕಿಯಿಂದ ಇಣುಕಿ, "ನೀನು ಯಾರಮ್ಮಾ? ಯಾಕೆ ಅಳ್ತಾ ಇದೀಯ?" ಎಂದಳು.

ಸಂಪಿಗೆ ಹಳಿಯ ಪಕ್ಕ ಮಂಡಿಯೂರಿ ಇನ್ನೂ ಜೋರಾಗಿ ಅತ್ತಳು. ಅವಳು ಅಷ್ಟು ಅತ್ತದ್ದು ತಾಯಿ ಸತ್ತಾಗ ಮಾತ್ರ. ಆಗ ಜಾಜಕ್ಕ ಅವಳನ್ನು ಅಂಗಳಕ್ಕೆ ಎಳೆದುಕೊಂಡು ಹೋಗಿ, ಎರಡೂ ಕೈ ಹಿಡಿದು, ಅಳು ಮರೆಯುವ ತನಕ ಗಿರಗಿರನೆ ತಿರುಗಿಸಿದ್ದಳು.

ಈಗಲೂ ಕಿಟಕಿಯಿಂದ ಎರಡು ಪುಟ್ಟ ಕೈಗಳು ಹೊರಗೆ ಬಂದವು. ಜಾಜಕ್ಕ ಊರು ಮರೆತಿದ್ದಳು, ತಂಗಿಯನ್ನು ಮರೆತಿದ್ದಳು, ಅಳುವವರಿಗೆ ಏನು ಮಾಡಬೇಕು ಎಂಬುದನ್ನು ಮರೆತಿರಲಿಲ್ಲ. ಸಂಪಿಗೆ ತನ್ನ ಎರಡು ಕಿರುಬೆರಳು ಕೊಟ್ಟಳು. ಕೊಟ್ಟವಳು ಹಾಗೇ ನೋಡುತ್ತಾ ಕುಳಿತಳು. ತನ್ನ ಬಲಗೈಗೆ ಅಕ್ಕನ ಎಡಗೈ. ಅಕ್ಕನ ಬಲಗೈಗೆ ತನ್ನ ಎಡಗೈ. ಇಬ್ಬರೂ ಜಾಗ ಬದಲಿಸಿದರೂ ಹಾಗೇ, ಎಷ್ಟು ತಿರುಗಿದರೂ ಹಾಗೇ.

ಪ್ರತಿ ತುದಿಗೂ ಬಲಕ್ಕೊಂದು ಕೊಕ್ಕೆ, ಎಡಕ್ಕೊಂದು ಕುಣಿಕೆ ಇದ್ದರೆ, ಯಾವ ತುದಿಗೆ ಯಾವ ತುದಿ ಎದುರಾದರೂ ಕೈಗೆ ಕೈ ಸಿಗುತ್ತದೆ.

ಇಕ್ಕಳ ಹಿಡಿದ ಕೈ ಒಂದು ಗಳಿಗೆ ತಡೆಯಿತು. ಒಂದೇ ತುದಿಗೆ ಎರಡೂ ಹಾಕಿದರೆ ಮನೆ ಮುರಿಯುತ್ತದಲ್ಲ? "ಮುರಿಯೋಕೆ ಇನ್ನು ಮನೆಯಾದರೂ ಎಲ್ಲಿದೆ" ಎಂದುಕೊಂಡು ಸಂಪಿಗೆ ಎಲ್ಲ ಕೊಂಡಿಗಳನ್ನೂ ಬಿಚ್ಚಿ ಹೊಸದಾಗಿ ಕಟ್ಟಿದಳು.

ಮೂರನೇ ಸುತ್ತಿಗೆ ರೈಲು ಹೊರಟಿತು. ಮುಸ್ಸಂಜೆಯ ಮಬ್ಬಿನಲ್ಲಿ, ಹೆಬ್ಬಾವಿನ ತೆಳ್ಳನೆ ಚರ್ಮದೊಳಗೆ ಏಳು ದೀಪಗಳು ನಿಧಾನವಾಗಿ ಸಾಗುವುದು ಹೊರಗಿನಿಂದ ಕಾಣುತ್ತಿತ್ತು. ಹೆಬ್ಬಾವು ಒಮ್ಮೆ ಹೊರಳಿತು. ದೀಪಗಳು ಮಿಟುಕಿದವು, ಆರಲಿಲ್ಲ. ಎರಡನೇ ಸಲ ಹೊರಳಿತು, ಆರಲಿಲ್ಲ. ಮೂರನೇ ಸಲ ಸುರುಳಿ ಸುತ್ತಿಕೊಂಡೇ ಹೊರಳಿತು. ಡಬ್ಬಿಗಳು ಕಳಚಿ, ತಿರುಗಿ, ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ ಒಂದರ ಕೈ ಒಂದು ಹಿಡಿದುಕೊಂಡವು. ಏಳೂ ದೀಪ ಉರಿಯುತ್ತಲೇ ರೈಲು ಹೊರಗೆ ಬಂತು.

ಹೆಬ್ಬಾವಿಗೆ ಹಸಿವು ಕೆರಳಿತು. ಕತ್ತಲಲ್ಲಿ ಇನ್ನು ಯಾರಿದ್ದಾರೆಂದು ಹುಡುಕಿತು. ಕಂಬಳಿ ಹೊದ್ದು ಪಕ್ಕದಲ್ಲೇ ಕುಳಿತಿದ್ದನಲ್ಲ ಮಬ್ಬಯ್ಯ. ಅವನ ಹೆಸರು, ಮಂತ್ರ, ರಾಜನಾಗುವ ಆಸೆ ಎಲ್ಲವನ್ನೂ ಒಂದೇ ತುತ್ತಿಗೆ ನುಂಗಿತು. ಅದು ಎಷ್ಟು ಕಹಿಯಾಗಿತ್ತೆಂದರೆ, ಹೆಬ್ಬಾವು ಕೆಮ್ಮಿ ಕೆಮ್ಮಿ ಮೊದಲು ತಿಂದಿದ್ದ ನೆನಪುಗಳನ್ನೆಲ್ಲ ಕಕ್ಕಿ, ಕಾಡಿನ ಕಡೆ ಹರಿದುಹೋಯಿತು. ನೆನಪುಗಳು ಮಿಣುಕುಹುಳಗಳಾಗಿ ಹಾರಿ ತಮ್ಮ ತಮ್ಮವರ ಕಿವಿ ಹೊಕ್ಕವು. ನಿಂತಿದ್ದ ಆಕಾಶದಲ್ಲಿ ಬೆಳಗಾಯಿತು. ಹಳಿಯ ಮೇಲೆ ಕಾಲಿಟ್ಟವರು ಕಾಲಿಟ್ಟ ಹಾಗೆಯೇ ದೊಡ್ಡವರಾದರು.

"ನಾನು ಯಾರು?" ಎಂದು ಮಬ್ಬಯ್ಯ ರಾಜನನ್ನು ಕೇಳಿದ. "ದೀಪ ಒರೆಸುವವನು" ಎಂದ ರಾಜ. ಅವನು ತಲೆಯಾಡಿಸಿ ಬಟ್ಟೆ ಹುಡುಕಲು ಹೋದ.

ಕೊನೆಯ ಡಬ್ಬಿಯಿಂದ ಕೊನೆಗೆ ಇಳಿದವಳು ಜಾಜಕ್ಕ. ತಂಗಿಯ ಕಡೆ ನೋಡಲಿಲ್ಲ. ಬಗ್ಗಿ ಕೊಂಡಿಯನ್ನು ನೋಡಿದಳು, ಬೆರಳಲ್ಲಿ ಮುಟ್ಟಿ ನೋಡಿದಳು. ಜಾಜಕ್ಕ ನೆಟ್ಟಗೆ ನಿಂತು ತಂಗಿಯ ಕಿವಿ ಹಿಡಿದಳು.

"ಒಂದೇ ತುದಿಗೆ ಎರಡೂನಾ? ನಾನು ನಿನಗೆ ಇದನ್ನೇ ಏನೇ ಕಲಿಸಿದ್ದು, ಸಂಪಿಗೆ?"

ಸಂಪಿಗೆ ಕಿವಿ ಬಿಡಿಸಿಕೊಳ್ಳಲಿಲ್ಲ. ಆ ಬೈಗುಳದ ಕೊನೆಯಲ್ಲಿದ್ದ ತನ್ನ ಹೆಸರನ್ನು ಕೇಳುತ್ತಾ ನಿಂತಳು.

ಇಂದಿಗೂ ಸೊಡರೂರಿನಲ್ಲಿ ಸರಗಳಿಗೆ ಅದೇ ಕೊಂಡಿ. ಅದರಿಂದ ಒಂದು ಮನೆಯೂ ಮುರಿದಿಲ್ಲ. ಅವರು ಅಲ್ಲಿ ದೀಪ ಹಚ್ಚಿಕೊಂಡು ಸುಖವಾಗಿದ್ದಾರೆ, ಕತೆ ಕೇಳಿದ ನಾವು ಇಲ್ಲಿ.